ನಗೆಗೊಂದು ಹೊಸ ಹೆಸರು

ನಗೆಯ ಬಗೆಗಳು ಹಲವು. ಭರತಮುನಿಯು ಅದನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿದನು. ನಮ್ಮ ಆಡುನುಡಿಯಾದರೋ ಕಿವಿಯನ್ನೇ ಪ್ರಮಾಣವಾಗಿಟ್ಟುಕೊಂಡು ಕಿಲಕಿಲ, ಮುಸಿಮುಸಿ, ಗಹಗಹ ಎಂಬ ಮಾತುಗಳನ್ನು ಪಡೆದಿದೆ. ಇವನ್ನು ಮೊದಲು ನುಡಿದವರಾರೆಂದು ಯಾರೂ ಹೇಳಲಾರರು. ಆದರೆ ಇಂಗ್ಲಿಷಿನಲ್ಲಿ ನಗೆಯನ್ನು ಹೇಳುವ ಒಂದು ಪದಕ್ಕೆ ಹುಟ್ಟಿದ ವರ್ಷವೂ ಉಂಟು, ತಂದೆಯ ಹೆಸರೂ ಉಂಟು. ಅದೇ ‘ಚಾರ್ಟಲ್’ ಎಂಬ ಪದ.

ಇದರ ಜನಕನು ಲೂಯಿಸ್ ಕ್ಯಾರಲ್. ಇದು ಕಾವ್ಯನಾಮ, ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್ (1832–1898). ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಈತನು 1871ರಲ್ಲಿ ‘ಥ್ರೂ ದಿ ಲುಕಿಂಗ್ ಗ್ಲಾಸ್’ ಎಂಬ ಮಕ್ಕಳ ಕಥೆಯನ್ನು ಪ್ರಕಟಿಸಿದನು. ಕನ್ನಡಿಯನ್ನು ದಾಟಿ ಆಚೆಯ ಲೋಕವನ್ನು ಹೊಕ್ಕ ಆಲಿಸ್ ಎಂಬ ಬಾಲೆಗೆ ಅಲ್ಲಿ ತಿರುಗುಮುರುಗಾಗಿ ಅಚ್ಚಾದ ಪದ್ಯವೊಂದು ಸಿಕ್ಕುತ್ತದೆ. ಅದರ ಹೆಸರು ‘ಜಾಬರ್‌ವಾಕಿ’. ಭಯಂಕರವಾದ ಮೃಗವೊಂದನ್ನು ಕೊಂದು ಮಗನು ಮನೆಗೆ ಬರುತ್ತಾನೆ; ತಂದೆಯು ಅವನನ್ನು ಅಪ್ಪಿಕೊಂಡು ಹಿಗ್ಗಿ ನಗುತ್ತಾನೆ. ಇದ್ದ ಪದಗಳಾವುವನ್ನೂ ಆರಿಸದೆ ಕವಿಯು ಆ ನಗೆಗೆ ಹೊಸದೊಂದು ಹೆಸರನ್ನಿಟ್ಟನು.

ಇಂತಹ ಪದಗಳ ಕಟ್ಟಡದ ಗುಟ್ಟನ್ನು ಅದೇ ಕಥೆಯಲ್ಲಿ ಹಂಪ್ಟಿ ಡಂಪ್ಟಿ ಎಂಬ ಮೊಟ್ಟೆಯಾಕಾರದ ಪಂಡಿತನು ಬಿಡಿಸಿ ಹೇಳುತ್ತಾನೆ. ಪ್ರಯಾಣದ ಚರ್ಮದ ಪೆಟ್ಟಿಗೆಯು ಎರಡು ಹೋಳಾಗಿ ತೆರೆದುಕೊಳ್ಳುವಂತೆ, ಒಂದೇ ಪದದಲ್ಲಿ ಎರಡರ್ಥಗಳು ಅಡಕವಾಗಿರುತ್ತವೆಂದು ಅವನ ಮತ. ಆ ಪೆಟ್ಟಿಗೆಯ ಹೆಸರಾದ ‘ಪೋರ್ಟ್‌ಮ್ಯಾಂಟೋ’ ಎಂಬುದೇ ಅಂದಿನಿಂದ ಈ ಜಾತಿಯ ಪದಗಳಿಗೂ ಹೆಸರಾಯಿತು. ಇದು ನಮ್ಮ ಸಮಾಸದಂತಲ್ಲ. ಮುಗುಳ್ನಗೆಯಲ್ಲಿ ಮುಗುಳೂ ನಗೆಯೂ ಬೇರೆಬೇರೆಯಾಗಿ ಕಾಣುತ್ತವೆ. ಇಲ್ಲಿಯಾದರೋ ಎರಡೂ ಕರಗಿ ಒಂದಾಗಿರುತ್ತವೆ.

ವಿಚಿತ್ರವೇನೆಂದರೆ, ಹಂಪ್ಟಿ ಡಂಪ್ಟಿಯ ವ್ಯಾಖ್ಯಾನವು ಪದ್ಯದ ಮೊದಲ ಚರಣಕ್ಕೇ ಮುಗಿದುಹೋಗುತ್ತದೆ. ‘ಚಾರ್ಟಲ್’ ಬರುವುದು ಬಹಳ ಮುಂದೆ. ಆದುದರಿಂದ ಅದರ ಅರ್ಥವನ್ನು ಓದುಗರೇ ಕಂಡುಕೊಳ್ಳಬೇಕಾಯಿತು. ಬಾಯಿ ಮುಚ್ಚಿ ಒಳಗೊಳಗೇ ನಗುವ ‘ಚಕಲ್’, ಮೂಗಿನಿಂದ ಬುಸ್ಸೆನ್ನುವ ‘ಸ್ನಾರ್ಟ್’, ಇವೆರಡರ ಧ್ವನಿಯೂ ಅವರಿಗೆ ಕೇಳಿಸಿತು. ಅಡಗಿಸಲು ಹೊರಟರೂ ಅಡಗದೆ ಮೂಗಿನಿಂದ ಹೊರಚಿಮ್ಮುವ ತೃಪ್ತಿಯ ನಗೆಯೆಂದು ಅರ್ಥವು ನೆಲೆಗೊಂಡಿತು. ಆಕ್ಸ್‌ಫರ್ಡಿನ ಮಹಾನಿಘಂಟಿನಲ್ಲಿ ‘ಸಿ’ ಅಕ್ಷರದ ಭಾಗವು 1893ರ ವೇಳೆಗೆ ಮುಗಿದಾಗ ಈ ಪದಕ್ಕೂ ಅಲ್ಲಿ ಸ್ಥಾನ ದೊರೆತಿತ್ತು. ಕವಿಯು ಆಗಿನ್ನೂ ಬದುಕಿದ್ದನು.

ಅದೇ ಪದ್ಯದಲ್ಲಿ ಹುಟ್ಟಿದ ಪದಗಳು ಇನ್ನೂ ಹಲವಿವೆ. ಅವುಗಳಲ್ಲಿ ‘ಗಲಂಫ್’ ಎಂಬುದೂ ಜನರ ಬಾಯಿಗೆ ಬಂದಿತು. ಮಿಕ್ಕವುಗಳಲ್ಲಿ ಹೆಚ್ಚಿನವು ಪದ್ಯದೊಳಗೇ ಉಳಿದವು. ಎಲ್ಲವನ್ನೂ ಕಟ್ಟಿದ ಕೈ ಒಂದೇ, ಜಾಣ್ಮೆಯೂ ಒಂದೇ. ಹಾಗಿದ್ದರೂ ‘ಚಾರ್ಟಲ್’ ಏಕೆ ಬಾಳಿತು? ಅಂತಹ ನಗೆಯನ್ನು ಎಲ್ಲರೂ ನಕ್ಕಿದ್ದರು, ಎಲ್ಲರೂ ಕೇಳಿದ್ದರು. ಅದಕ್ಕೆ ತಕ್ಕ ಹೆಸರು ಮಾತ್ರ ಇರಲಿಲ್ಲ. ನಮ್ಮಲ್ಲಿಯೂ ಹೊಸ ಪದಗಳನ್ನು ಟಂಕಿಸುವವರು ಇದನ್ನು ನೆನೆಯುವುದು ಒಳ್ಳೆಯದು. ಪದವನ್ನು ಹುಟ್ಟಿಸಲು ಒಬ್ಬ ಕವಿ ಸಾಕು. ಅದನ್ನು ಸಾಕಿ ಬೆಳೆಸಲು ನಾಡೇ ಬೇಕು.