ಯಾದಿಯ ಕಕಾರದಲ್ಲಿ ಎರಡು ನೆರೆಯ ತಳಿಗಳು

ಭಾರತದ ಪಶುತಳಿಗಳ ಅಕಾರಾದಿ ಯಾದಿಯನ್ನು ತೆರೆದು ಕಕಾರದ ಮೇಲೆ ಕಣ್ಣಾಡಿಸುವವನಿಗೆ, ಗುಜರಾತಿನ ಕಾಂಕ್ರೇಜ್ ಆಕಳು, ಕೊಂಗುನಾಡಿನ ಕಂಗಾಯಂ ಎತ್ತು, ಝಾಬುವಾ ಪ್ರಾಂತದ ಕರಿಯ ಕಡಕನಾಥ ಕೋಳಿ, ಕೃಷ್ಣಾ ಕಣಿವೆಯ ಹೋರಿ, ರಾಯಚೂರಿನ ಕೆಂಗುರಿ, ಇವೆಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದು ಕಾಣುತ್ತದೆ. ಈ ಸಹಪಂಕ್ತಿ ಅಕ್ಷರಕೃತವೇ ಹೊರತು ರಕ್ತಕೃತವಲ್ಲ. ಆದರೂ ಕೊನೆಯ ಎರಡು ಹೆಸರುಗಳು ಮಾತ್ರ ನಿಜವಾಗಿಯೂ ನೆರೆಹೊರೆಯವು. ಅವುಗಳ ಚರಿತ್ರೆಯನ್ನು ಒಟ್ಟಿಗೆ ಓದಿದರೆ ನಮ್ಮಲ್ಲಿ ತಳಿವಿಜ್ಞಾನವು ಯಾರ ಕಣ್ಣಿನಿಂದ ನೋಡುತ್ತ ಬೆಳೆಯಿತೆಂಬುದು ಗೋಚರವಾಗುತ್ತದೆ.

ಮೊದಲು ಆ ನೆರೆಹೊರೆಯ ನೆಲವನ್ನು ನೋಡೋಣ. ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡು, ಮಕ್ತಲ್ ಸೀಮೆಯನ್ನು ಎಡಕ್ಕೂ ಗದ್ವಾಲ್ ಸೀಮೆಯನ್ನು ಬಲಕ್ಕೂ ಇರಿಸಿ ಹರಿಯುವ ಕೃಷ್ಣೆಯು, ಮುಂದೆ ತುಂಗಭದ್ರೆಯೊಡನೆ ಸಂಗಮಿಸುವವರೆಗೆ ಆ ಎರಡು ನದಿಗಳ ನಡುವೆ ಇರುವ ನೆಲಕ್ಕೆ ಜನರು ನಡಿಗಡ್ಡೆಯೆಂದು ಹೆಸರಿಟ್ಟಿದ್ದಾರೆ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದುವು. ಭಾಷೆಯ ಗೆರೆ ಎಳೆದವರು ದನಕುರಿಗಳನ್ನು ಕೇಳಿರಲಿಲ್ಲವಷ್ಟೆ.

ಕೃಷ್ಣಾ ಕಣಿವೆಯ ತಳಿಯು ತಾನಾಗಿ ಹುಟ್ಟಿದುದಲ್ಲ, ಕಟ್ಟಿದುದು. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ, ಸಾಂಗಲಿ, ಮಿರಜ ಮೊದಲಾದ ಸಂಸ್ಥಾನಗಳ ಅರಸರು, ಮಳೆ ಬಿದ್ದೊಡನೆ ಅಂಟಾಗಿ ಕಾಲು ಹಿಡಿಯುವ, ಒಣಗಿದೊಡನೆ ಕಲ್ಲಾಗಿ ಬಿರಿಯುವ ಎರೆ ಭೂಮಿಯನ್ನು ಉಳಬಲ್ಲ ಭಾರಿ ಎತ್ತು ಬೇಕೆಂದು, ಗಿರ್, ಕಾಂಕ್ರೇಜ್, ಒಂಗೋಲು ಹೋರಿಗಳ ರಕ್ತವನ್ನು ಸ್ಥಳೀಯ ಮೈಸೂರು ಮಾದರಿಯ ಹಸುಗಳಲ್ಲಿ ಬೆರೆಸಿ ಇದನ್ನು ರೂಪಿಸಿದರು. ನಡಿಗೆ ಮಂದ, ಬಲ ಅಪಾರ. ಅಲ್ಲಿಗೇ ನಿಲ್ಲದೆ ಇದರ ಹೋರಿಗಳು ಸಮುದ್ರ ದಾಟಿ, ಅಮೆರಿಕದ ಬ್ರಾಹ್ಮನ್ ಎಂಬ ಮಾಂಸದ ತಳಿಯ ನಿರ್ಮಾಣದಲ್ಲಿ, ತಮ್ಮ ಪೂರ್ವಜರೇ ಆದ ಗಿರ್, ಕಾಂಕ್ರೇಜ್, ಒಂಗೋಲುಗಳ ಜೊತೆಗೆ ಮತ್ತೊಮ್ಮೆ ಬೆರೆತುವು. ಇತ್ತ ತವರಿನಲ್ಲಿ ಹಿಡುವಳಿಗಳು ಒಡೆದು ಚಿಕ್ಕವಾಗಿ, ಬಹುಮೇವಿನ ಈ ದೈತ್ಯ ಜೋಡಿಯನ್ನು ಸಾಕುವುದು ಸಾಮಾನ್ಯ ರೈತನಿಗೆ ಅಸಾಧ್ಯವಾಯಿತು. ಚುರುಕಾದ ಖಿಲಾರಿ ತಳಿಯು ಅದರ ನೊಗಕ್ಕೆ ಹೆಗಲು ಕೊಟ್ಟಿತು. ಅನಂತರ ಟ್ರಾಕ್ಟರು ನೊಗವನ್ನೇ ಕೆಳಗಿಳಿಸಿತು. ಯಾವ ಪ್ರಯೋಜನಕ್ಕಾಗಿ ತಳಿಯನ್ನು ಕಟ್ಟಿದರೋ ಆ ಪ್ರಯೋಜನ ತೀರಿದ ಮೇಲೆ ಅದು ವಿರಳವಾದುದರಲ್ಲಿ ಆಶ್ಚರ್ಯವಿಲ್ಲ.

ಗ್ರಂಥಕರ್ತರು ಮಾತ್ರ ಇಂತಹ ಎತ್ತುಗಳನ್ನು ಬಹಳ ಆದರದಿಂದ ಕಂಡರು. ಮದರಾಸಿನಲ್ಲಿ ಶಾರ್ಟ್ ಮಹಾಶಯನು ದನಕುರಿಗಳ ಕೈಪಿಡಿಯನ್ನು ಬರೆದನು. 1909ರಲ್ಲಿ ಗನ್ ಎಂಬವನು ದಕ್ಷಿಣ ಭಾರತದ ದನಗಳನ್ನು ವರ್ಣಿಸಿದನು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗವು 1928ರಲ್ಲಿ ವರದಿಯೊಪ್ಪಿಸಲು, ಮರುವರ್ಷವೇ ಸ್ಥಾಪಿತವಾದ ಕೃಷಿ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ಆಲ್ವರ್ ಎಂಬವನ 1938ರ ಗೋತಳಿ ಸಮೀಕ್ಷೆ ಹೊರಬಂದಿತು. 1953ರಲ್ಲಿ ಜೋಶಿ ಮತ್ತು ಫಿಲಿಪ್ಸ್ ಎಂಬವರು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಘಟನೆಗಾಗಿ ಭಾರತ-ಪಾಕಿಸ್ತಾನಗಳ ಗೋತಳಿಗಳ ಬೃಹದ್ಗ್ರಂಥವನ್ನು ರಚಿಸಿದರು. ಈ ಪರಂಪರೆಯಲ್ಲಿ ಎತ್ತಿಗೆ ಅಗ್ರಪೂಜೆ ಸಲ್ಲುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಫಿರಂಗಿ ಎಳೆಯುವುದು, ಕಂದಾಯ ಕೊಡುವ ಹೊಲ ಉಳುವುದು, ಇವೆರಡೂ ಸರ್ಕಾರದ ಕೆಲಸಗಳೇ. ಬೆಟ್ಟದ ಮಗ್ಗುಲಲ್ಲಿ ಮೇಯುವ ಕುರಿಯಿಂದ ದೊರೆಗೆ ಆಗಬೇಕಾದುದು ಅಲ್ಪ.

ಕೆಂಗುರಿಯ ಸಂಗತಿಯು ಇದಕ್ಕೆ ವಿಪರ್ಯಾಸ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಕಡೆಯ ಗುಡ್ಡಗಾಡಿನಲ್ಲಿ ನೆಲೆಸಿದ ಈ ಕಡುಕಂದು ಮೈಯ ದೊಡ್ಡ ಕುರಿಗೆ ಅರಸರ ಪೋಷಣೆಯಿರಲಿಲ್ಲ. ಟಗರನ್ನು ಆರಿಸಿದವರು ಕುರುಬರೇ, ವಂಶಾವಳಿಯ ದಫ್ತರವೂ ಅವರ ನೆನಪೇ. ಟಗರಿಗೆ ಕೊಂಬುಂಟು, ಹೆಣ್ಣು ಬೋಳು, ಸಾಕಣೆ ಮಾಂಸಕ್ಕಾಗಿ. ಆಚಾರ್ಯ ಎಂಬವರು ಅದೇ ಆಹಾರ-ಕೃಷಿ ಸಂಘಟನೆಗೆ 1982ರಲ್ಲಿ ಸಿದ್ಧಪಡಿಸಿದ ಭಾರತದ ಕುರಿ-ಮೇಕೆ ತಳಿಗಳ ಗ್ರಂಥದಲ್ಲಿ ಇದು ತನ್ನ ಸೀಮೆಯ ಹೆಸರುಗಳೊಡನೆ ದಾಖಲಾಯಿತು. ಎತ್ತಿನ ಶಾಸ್ತ್ರವು ಅರ್ಧ ಶತಮಾನದಷ್ಟು ಮುಂದೆ ನಡೆದುಹೋದ ಮೇಲೆ! 1984ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮರುವರ್ಷ ಕರ್ನಾಲಿಗೆ (ಅದೂ ಕಕಾರದ ಊರೇ) ಹೋದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ, ಹಾಗೂ 2007ರ ತರುವಾಯ ಜಾರಿಗೆ ಬಂದ ತಳಿ ನೋಂದಣಿಯ ಪದ್ಧತಿ, ಇವುಗಳಿಂದಾಗಿ ಈಗ ಕೆಂಗುರಿಗೂ ಕೃಷ್ಣಾ ಕಣಿವೆಗೂ ಯಾದಿಯಲ್ಲಿ ಸಮಾನ ಸ್ಥಾನ.

ಆದರೆ ಯಾದಿಯು ನಿಂತಲ್ಲೇ ನಿಲ್ಲುತ್ತದೆ, ಹಿಂಡು ನಿಲ್ಲುವುದಿಲ್ಲ. ಭಾಷೆಯ ಗೆರೆಯ ಆಚೆ, ಗದ್ವಾಲ್, ನಾರಾಯಣಪೇಟೆಗಳ ಸೀಮೆಯಲ್ಲಿ ಕಂಬಳಿಗೆ ಉಣ್ಣೆ ಕೊಡುತ್ತಿದ್ದ ಕರಿಯ ದಕ್ಕನಿ ಕುರಿಯನ್ನು, ಮಾಂಸದ ಬೆಲೆ ಏರಿದಂತೆಲ್ಲ, ಎತ್ತರದ ನೆಲ್ಲೂರು ಟಗರುಗಳು ಹಿಂದೂಡುತ್ತ ಬಂದುವು. 2017ರಲ್ಲಿ ತೆಲಂಗಾಣ ಸರ್ಕಾರವು ಇಪ್ಪತ್ತು ಕುರಿ, ಒಂದು ಟಗರುಗಳ ಘಟಕವನ್ನು ಶೇಕಡಾ 75ರ ಸಹಾಯಧನದಲ್ಲಿ ಗೊಲ್ಲ-ಕುರುಮರಿಗೆ ಹಂಚಲಾರಂಭಿಸಿದಾಗ, ನೆರೆರಾಜ್ಯಗಳಿಂದ ಕೊಂಡುತಂದ ಕುರಿಗಳು ಈ ಮಿಶ್ರಣಕ್ಕೆ ಇನ್ನಷ್ಟು ಕೂಡಿಕೊಂಡುವು. 2019ರ ಜಾನುವಾರು ಗಣತಿಯಲ್ಲಿ ತೆಲಂಗಾಣವು ಕುರಿಗಳ ಸಂಖ್ಯೆಯಲ್ಲಿ ದೇಶಕ್ಕೇ ಪ್ರಥಮವಾಯಿತು: ಸುಮಾರು 1.9 ಕೋಟಿ. ಸಂಖ್ಯೆಯ ಈ ಹಿಗ್ಗಿನಲ್ಲಿ ತಳಿಯ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಎತ್ತಲಿಲ್ಲವೆಂಬುದು ನನ್ನ ಅಭಿಪ್ರಾಯ. ಮೂರು ಬಗೆಯ ರಕ್ತ ಬೆರೆತ ಕುರಿಯನ್ನು ಗಣತಿದಾರನು ಕೊನೆಗೆ ತಳಿರಹಿತವೆಂಬ ಅಂಕಣದಲ್ಲಿ ಬರೆದುಕೊಳ್ಳುತ್ತಾನೆ. ಬೇಕೆಂದೇ ನಾಲ್ಕು ರಕ್ತ ಬೆರೆಸಿ ಅರಸರು ಮಾಡಿದ ಹೋರಿಯನ್ನಾದರೋ ಶುದ್ಧತಳಿಯೆಂದು ಕಕಾರದಲ್ಲಿ ಬರೆಯುತ್ತಾನೆ.