ಮಣ್ಣಿನಲ್ಲಿ ಕಾದಿರುವ ಬೀಜ

ಬಹುಕಾಲ ಹಾಳುಬಿದ್ದಿದ್ದ ಹಿತ್ತಿಲನ್ನು ಒಮ್ಮೆ ಅಗೆಸಿ ನೋಡಿ. ಒಂದೆರಡು ಮಳೆ ಬಿದ್ದು ವಾರ ಕಳೆಯುವುದರೊಳಗೆ, ಯಾರೂ ಬಿತ್ತದ ಗಿಡಗಳು ಅಲ್ಲಿ ತಲೆಯೆತ್ತುತ್ತವೆ. ಇವು ಎಲ್ಲಿಂದ ಬಂದವು? ಕೆಲವು ಗಾಳಿಯಲ್ಲಿ ಹಾರಿಬಂದಿರಬಹುದು. ಆದರೆ ಎಷ್ಟೋ ಬೀಜಗಳು ಮೊದಲಿನಿಂದಲೂ ಆ ಮಣ್ಣಿನಲ್ಲೇ ಇದ್ದವು. ಹಾಗಾದರೆ ಹೋದ ವರ್ಷದ ಮಳೆಗೆ ಅವು ಏಕೆ ಮೊಳೆಯಲಿಲ್ಲ? ಇನ್ನೆಷ್ಟು ವರ್ಷ ಹೀಗೆಯೇ ಅಡಗಿರಬಲ್ಲವು? ವರ್ಷವರ್ಷವೂ ಕಳೆ ಕಿತ್ತು ಬೆನ್ನು ಬಾಗಿದ ಬೇಸಾಯಗಾರನಿಗೆ ಇದು ಅನ್ನದ ಪ್ರಶ್ನೆ.

ನೀವು ಮನೆಯಲ್ಲಿ ಹೆಸರುಕಾಳನ್ನು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ, ಕಾಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಮೊಳೆಯುತ್ತದೆಯಷ್ಟೆ. ಬಿತ್ತಿದೊಡನೆ ಮೊಳೆತದ್ದನ್ನೇ ಬೆಳೆಸಿ, ಕೊಯ್ದು, ಮತ್ತೆ ಅದನ್ನೇ ಬಿತ್ತಿ, ಸಾವಿರಾರು ವರ್ಷಗಳಲ್ಲಿ ಮನುಷ್ಯನು ಪೈರುಗಳಿಗೆ ಕಲಿಸಿದ ಗುಣವಿದು. ಕಾಡುಗಿಡಕ್ಕೆ ಈ ಗುಣ ಒಳ್ಳೆಯದಲ್ಲ. ಮೊದಲ ಮಳೆಗೇ ಬೀಜವೆಲ್ಲ ಮೊಳೆತು, ಹಿಂದೆಯೇ ಬಿಸಿಲು ಕಾದರೆ ವಂಶವೇ ಒಣಗಿಹೋದೀತು. ಅದಕ್ಕಾಗಿಯೇ ಅದರ ಬೀಜಗಳಲ್ಲಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಇನ್ನೂ ಎಷ್ಟೋ ವರ್ಷಗಳ ಮೇಲೆ ಮೊಳೆಯುತ್ತವೆ.

ಈ ಕಾಯುವಿಕೆಯನ್ನು ಅಳೆಯಹೊರಟವರು ವಿಲಿಯಂ ಜೇಮ್ಸ್ ಬೀಲ್. ಅವರು ಅಮೆರಿಕದ ಮಿಚಿಗನ್ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1879ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಿಡಗಳಿಂದ ಜಾತಿಗೆ 50ರಂತೆ ಬೀಜಗಳನ್ನು ಎಣಿಸಿ, ತೇವದ ಮರಳಿನಲ್ಲಿ ಬೆರೆಸಿ, 20 ಸೀಸೆಗಳಲ್ಲಿ ತುಂಬಿದರು. ನಮಗೂ ಪರಿಚಿತವಾದ ಗೋಣಿಸೊಪ್ಪು, ಕಪ್ಪು ಸಾಸಿವೆ ಅವುಗಳಲ್ಲಿ ಇದ್ದವು. ನೀರು ನಿಲ್ಲದಂತೆ ಸೀಸೆಗಳ ಬಾಯನ್ನು ಕೆಳಮುಖವಾಗಿ ಓರೆಮಾಡಿ ಹೂಳಿದರು. ಐದು ವರ್ಷಕ್ಕೊಂದು ಸೀಸೆ ತೆಗೆದು ಬಿತ್ತಿ ನೋಡುವುದು ಅವರ ಯೋಜನೆ. ಕೊನೆಯ ಸೀಸೆಯ ಹೊತ್ತಿಗೆ ತಾವಿರುವುದಿಲ್ಲವೆಂಬುದು ಅವರಿಗೆ ತಿಳಿದೇ ಇತ್ತು. 1924ರಲ್ಲಿ ಅವರು ತೀರಿಕೊಂಡರು. ಕೆಲಸ ಶಿಷ್ಯಪರಂಪರೆಯಂತೆ ಕೈಯಿಂದ ಕೈಗೆ ಸಾಗಿತು. ಮುಂದೆ ಐದು ವರ್ಷದ ಅವಧಿಯನ್ನು ಹತ್ತಕ್ಕೆ, ಆಮೇಲೆ ಇಪ್ಪತ್ತಕ್ಕೆ ಏರಿಸಿದರು.

80 ವರ್ಷ ಕಳೆದು 1960ರಲ್ಲಿ ತೆಗೆದಾಗ ಮೂರೇ ಜಾತಿಗಳು ಮೊಳೆತವು. ಅವುಗಳಲ್ಲಿ ಒಂದಾದ ಮಾತ್ ಮುಲೇನ್ ಎಂಬ ದಾರಿಬದಿಯ ಗಿಡ ಮಾತ್ರ ಸೋಲಲೇ ಇಲ್ಲ. 2000ದಲ್ಲಿ ಅದರ ಬೀಜಗಳಲ್ಲಿ ಸುಮಾರು ಅರ್ಧ ಮೊಳೆತವು. 2021ರಲ್ಲಿ ಮತ್ತೊಂದು ಸೀಸೆ ತೆಗೆದಾಗ, 140 ವರ್ಷ ಮೀರಿದ್ದ ಬೀಜಗಳಲ್ಲಿ 20 ಮೊಳೆತವು.

ಆ ಸೀಸೆಯನ್ನು ಅಗೆದು ತೆಗೆದದ್ದು ಏಪ್ರಿಲ್ ತಿಂಗಳ ಒಂದು ರಾತ್ರಿ, ಬೆಳಗಾಗುವ ಮೊದಲು. ಕತ್ತಲೇಕೆ ಬೇಕಾಯಿತು? ಸಣ್ಣ ಬೀಜಗಳು ಅನೇಕವು ಬೆಳಕು ತಗುಲಿದೊಡನೆ ಎಚ್ಚರಗೊಳ್ಳುವುದರಿಂದ. ಈ ಗುಟ್ಟನ್ನು ಬಿಡಿಸಿದ ಮುಖ್ಯ ಪ್ರಯೋಗ 1952ರಲ್ಲಿ ಪ್ರಕಟವಾಯಿತು. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಜೊತೆಗಾರರು ಲೆಟಿಸ್ ಸೊಪ್ಪಿನ ಬೀಜಕ್ಕೆ ಕೆಂಪು ಬೆಳಕು ಕೊಟ್ಟರು, ಬೀಜ ಮೊಳೆಯಿತು. ಕೆಂಪಿನ ಹಿಂದೆಯೇ, ನಮ್ಮ ಕಣ್ಣಿಗೆ ಕಂಡೂ ಕಾಣದ ಕಡುಗೆಂಪು ಬೆಳಕನ್ನು ಕೊಟ್ಟರು, ಮೊಳೆಯಲಿಲ್ಲ. ಹೀಗೆ ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬೆಳಕಿನದೇ ತೀರ್ಪು. ಹಸುರೆಲೆಗಳು ಕೆಂಪನ್ನು ಹೀರಿ ಕಡುಗೆಂಪನ್ನು ಕೆಳಕ್ಕೆ ಬಿಡುತ್ತವೆ. ಆದ್ದರಿಂದ ತಲೆಯ ಮೇಲೆ ಬೇರೆ ಗಿಡದ ನೆರಳಿದೆಯೇ, ಬಯಲಿದೆಯೇ ಎಂಬುದು ಇಂಥ ಬೀಜಕ್ಕೆ ಬೆಳಕಿನಿಂದಲೇ ತಿಳಿಯುತ್ತದೆ. ನಿಮ್ಮ ಗುದ್ದಲಿ ಅದನ್ನು ಕತ್ತಲಿಂದ ಮೇಲಕ್ಕೆ ತಂದಾಗ ಆಗುವುದೂ ಇದೇ.

ಎಲ್ಲ ಬೀಜಗಳಿಗೂ ಬೆಳಕೇ ಕೀಲಿಕೈಯಲ್ಲ. ಚಳಿನಾಡಿನ ಎಷ್ಟೋ ಬೀಜಗಳು ತೇವದ ನೆಲದಲ್ಲಿ ಒಂದು ಚಳಿಗಾಲ ಕಳೆಯದೆ ಮೊಳೆಯವು. ಮೊಳೆತರೆ ಹಿಮಕ್ಕೆ ತುತ್ತಾದಾವು. ಇನ್ನು ಕೆಲವು ಬೀಜಗಳ ಸಿಪ್ಪೆಯೇ ನೀರನ್ನು ಒಳಕ್ಕೆ ಬಿಡದು. ನಮ್ಮ ಜಾಲಿಯ ಬೀಜ ಅಂಥದು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತುತ್ತಾರೆ. ನಮ್ಮ ಬಾಗೆಮರದ ಸಂಬಂಧಿಯೊಂದರ ಬೀಜಗಳನ್ನು 1793ರಲ್ಲಿ ಚೀನಾದಿಂದ ತಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. 1940ರ ಬಾಂಬುದಾಳಿಯಲ್ಲಿ ಅಲ್ಲಿ ಬೆಂಕಿ ಬಿದ್ದು, ಅದನ್ನು ಆರಿಸಲು ಸುರಿದ ನೀರಿಗೆ ನೆನೆದು, 147 ವರ್ಷಗಳ ಮೇಲೆ ಅವು ಮೊಳೆತವು!

ಇದರಿಂದ ಬೇಸಾಯಗಾರನಿಗೂ ಕೈತೋಟದವರಿಗೂ ಬರುವ ಪಾಠ ಸರಳವಾದದ್ದು. ಕಳೆಯನ್ನು ಹೂಬಿಡುವ ಮುನ್ನವೇ ಕೀಳಬೇಕು. ಒಮ್ಮೆ ಬೀಜ ಮಣ್ಣಿಗೆ ಉದುರಿತೆಂದರೆ ಆ ಸಾಲವನ್ನು ಮಕ್ಕಳ ಕಾಲದಲ್ಲಿಯೂ ತೀರಿಸಬೇಕಾದೀತು. ಇದೇ ಗುಣ ನಮಗೊಂದು ಆಸೆಯನ್ನೂ ಕೊಡುತ್ತದೆ: ಕಣ್ಣಿಗೆ ಮರೆಯಾದ ಕಾಡುಗಿಡವೊಂದು ಮಣ್ಣಿನಲ್ಲಿ ಇನ್ನೂ ಜೀವ ಹಿಡಿದಿರಬಹುದು.

ಬೀಲ್ ಅವರು ಹೂಳಿದ ಸೀಸೆಗಳಲ್ಲಿ ಇನ್ನು ನಾಲ್ಕು ಉಳಿದಿವೆ. ಮುಂದಿನದನ್ನು 2040ರಲ್ಲಿ, ಕೊನೆಯದನ್ನು 2100ರಲ್ಲಿ ತೆಗೆಯಬೇಕೆಂದು ನಿಶ್ಚಯವಾಗಿದೆ.