ಕಬ್ಬಾಳದ ಕಲ್ಲು

ವಿಶ್ವವಿದ್ಯಾನಿಲಯದ ಭೂಗರ್ಭಶಾಸ್ತ್ರ ವಿಭಾಗವೆಂದರೆ ಚೀಟಿ ಅಂಟಿಸಿಟ್ಟ ಕಲ್ಲುಚೂರುಗಳ ಕೊಠಡಿಯೆಂಬುದು ಅನೇಕರ ಭಾವನೆ. ಆ ಕೊಠಡಿಯ ಹೊರಗೆ, ನಮ್ಮ ಸೀಮೆಯ ಒಂದು ಕಲ್ಲುಗಣಿಯಲ್ಲಿ ನಡೆದ ಶೋಧದ ಚರಿತ್ರೆಯನ್ನು ಈ ಹೊತ್ತು ನಿವೇದಿಸುತ್ತೇನೆ.

ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕನೆಂಬ ಆಂಗ್ಲ ವರ್ತಕನ ಸಮಾಧಿಯ ಮೇಲೆ ಒಂದು ಕಪ್ಪು ಶಿಲೆಯಿದೆ. ಅದು ಮದರಾಸಿನ ಕಡೆಯ ಕಲ್ಲು. ಈ ಜಾತಿಯ ಶಿಲೆಗೆ ಥಾಮಸ್ ಹಾಲೆಂಡನು 1893ರಲ್ಲಿ ಚಾರ್ನೊಕೈಟ್ ಎಂದು ನಾಮಕರಣ ಮಾಡಿದನು. ಗೋರಿಯಿಂದ ಹೆಸರು ಪಡೆದ ಶಿಲೆಗಳು ಲೋಕದಲ್ಲಿ ಹೆಚ್ಚಿರಲಾರವು! ಕರಗಿದ ಶಿಲಾರಸವು ಭೂಮಿಯ ಆಳದಲ್ಲಿ ತಣಿದು ಇದು ಹುಟ್ಟಿತೆಂಬುದು 1900ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಸಿದ್ಧಾಂತ. ಹಾಗಲ್ಲ, ಬೇರೆ ಶಿಲೆಯೇ ಶಾಖ ಮತ್ತು ಒತ್ತಡಗಳಿಂದ ರೂಪಾಂತರ ಹೊಂದಿ ಹೀಗಾಯಿತೆಂದು ಇತರರು ವಾದಿಸಿದರು. ವಾದವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಮೈಸೂರು ಸಂಸ್ಥಾನದಲ್ಲಿ ಭೂಗರ್ಭ ಇಲಾಖೆಯು 1894ರಲ್ಲಿಯೂ ವಿಶ್ವವಿದ್ಯಾನಿಲಯವು 1916ರಲ್ಲಿಯೂ ಸ್ಥಾಪಿತವಾದವು. ಇಲಾಖೆಯವರು ನಾಡನ್ನು ಅಳೆದು ನಕ್ಷೆ ಬರೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರು ಪಾಠದೊಡನೆ ಸಂಶೋಧನೆಯನ್ನೂ ಬೆಳೆಸಿದರು. ಅಲ್ಲಿ ಬೋಧಿಸಿ, ಮುಂದೆ ಅದೇ ಇಲಾಖೆಯ ನಿರ್ದೇಶಕರೂ ಆದವರು ಸಿ. ಎಸ್. ಪಿಚ್ಚಮುತ್ತು. ಚಾರ್ನೊಕೈಟಿನ ಸಮಸ್ಯೆ ಅವರನ್ನು ಬಹುಕಾಲ ಬಿಡಲಿಲ್ಲ.

ಕನಕಪುರದ ಸಮೀಪದ ಕಬ್ಬಾಳದುರ್ಗವು ಹಿಂದೆ ಸೆರೆಯಾಳುಗಳ ಬೆಟ್ಟವೆಂದು ಕುಖ್ಯಾತವಾಗಿತ್ತು. ಅದರ ಬಳಿಯ ಗಣಿಯಲ್ಲಿ, ಕಲ್ಲು ಒಡೆಯುವವರು ತೆರೆದ ಹೊಸ ಮುಖದಲ್ಲಿ, ವಿಚಿತ್ರವಾದ ದೃಶ್ಯ ಕಾಣುತ್ತದೆ. ಬೂದುಬಣ್ಣದ ಪಟ್ಟೆಪಟ್ಟೆಯಾದ ನೈಸ್ ಶಿಲೆಯ ನಡುವೆ, ಎಣ್ಣೆ ಸವರಿದಂತೆ ಮಿನುಗುವ ಕಡುಹಸಿರು ಮಚ್ಚೆಗಳು. ನೈಸಿನ ಪಟ್ಟೆಗಳು ಮಚ್ಚೆಯೊಳಕ್ಕೆ ಹೊಕ್ಕು ಮೆಲ್ಲನೆ ಅಳಿಸಿಹೋಗುತ್ತವೆ. ಮಚ್ಚೆಗಳೇ ಬಿರುಕಿನ ಜಾಡು ಹಿಡಿದು ಹಬ್ಬಿವೆ. ಶಿಲಾರಸವು ಹೊರಗಿನಿಂದ ನುಗ್ಗಿ ಬಂದಿದ್ದರೆ ಅಂಚು ಹರಿತವಾಗಿರಬೇಕಿತ್ತು. ಇಲ್ಲಿ ಒಂದು ಶಿಲೆ ಇದ್ದಲ್ಲಿಯೇ ಮತ್ತೊಂದಾಗುತ್ತಿದ್ದುದು, ಅರ್ಧದಾರಿಯಲ್ಲಿ ನಿಂತುಬಿಟ್ಟಿದೆ. ಪಿಚ್ಚಮುತ್ತು ಅವರು ಇದನ್ನು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು.

ಎಲ್ಲ ಚಾರ್ನೊಕೈಟೂ ಹೀಗೆಯೇ ಹುಟ್ಟಿತೆಂದು ಇದರಿಂದ ಸಿದ್ಧವಾಗದು. ಆದರೆ ಹೀಗೆಯೂ ಹುಟ್ಟಬಲ್ಲದೆಂಬುದನ್ನು ಬೆಟ್ಟವೇ ಸಾಕ್ಷಿ ಹೇಳಿತು.

ಮಾರ್ಪಡಿಸಿದ್ದು ಯಾವುದು? ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ ಅವರು, ಷಿಕಾಗೋದ ನ್ಯೂಟನ್ ಮತ್ತು ಸ್ಮಿತ್ ಅವರೊಡನೆ, 1979ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರವೊಂದನ್ನು ಮುಂದಿಟ್ಟರು. ನೈಸಿನ ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಖನಿಜಗಳಲ್ಲಿ ನೀರು ಬೆರೆತಿರುತ್ತದೆ. ಆಳದಿಂದ ಏರಿಬಂದ ಇಂಗಾಲಾಮ್ಲ ಅನಿಲವು ಆ ನೀರಿನ ಪ್ರಭಾವವನ್ನು ತಗ್ಗಿಸಿದರೆ, ಅವು ಒಡೆದು ನೀರಿಲ್ಲದ ಹೈಪರ್ಸ್ತೀನ್ ಖನಿಜವು ಮೂಡುತ್ತದೆ. ಇದು ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಅನಿಲವೊಂದೇ ಸಾಲದು, ಉಪ್ಪಿನ ದ್ರಾವಣವೂ ಕೆಲಸ ಮಾಡಿರಬೇಕೆಂಬ ವಾದವು ಅನಂತರ ಎದ್ದಿತು. ನ್ಯೂಟನ್ ತಾವೇ ಆ ಕಡೆಗೆ ಗಮನ ಹರಿಸಿದರು.

ದೇಶದೇಶಗಳ ವಿದ್ವಾಂಸರು ಆ ಗಣಿಯನ್ನು ಅರಸಿ ಬಂದಿದ್ದಾರೆ. ಒಂದು ಅಂಗೈ ಊರಿದರೆ ಸಾಕು, ಬೆರಳುಗಳು ನೈಸಿನ ಮೇಲೆ, ಮಣಿಕಟ್ಟು ಚಾರ್ನೊಕೈಟಿನ ಮೇಲೆ.